ರಾತ್ರಿಯ ರಕ್ತದಲ್ಲಿ ಸಿಗುವ ಹುಳು

ಆನೆಕಾಲು ರೋಗ ಎಂದರೆ ನಮಗೆ ನೆನಪಾಗುವುದು ಊದಿದ ಕಾಲು, ಮಡಿಕೆ ಬಿದ್ದು ಬಿರುಕೊಡೆದ ಚರ್ಮ. ಊರಿನಲ್ಲಿ ಅಂಥ ಕಾಲಿನವರೊಬ್ಬರಿದ್ದರೆ ಅವರ ಪಕ್ಕ ಕೂರಲು ಹಿಂಜರಿಯುವವರಿದ್ದಾರೆ, ಆ ಮನೆಯಿಂದ ಹೆಣ್ಣು ತರಲು ಅನುಮಾನಿಸುವವರೂ ಇದ್ದಾರೆ. ಆ ಕಾಲನ್ನು ಮುಟ್ಟಿದರೆ ರೋಗ ಬರುವುದಿಲ್ಲ, ವಂಶದಲ್ಲಿ ಇಳಿದೂ ಬರುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಕಾಲು ಆ ಸ್ಥಿತಿಗೆ ಬರುವ ಹೊತ್ತಿಗೆ ಹೆಚ್ಚಿನವರ ರಕ್ತದಲ್ಲಿ ಈ ರೋಗ ತರುವ ಹುಳುವಿನ ಮರಿಗಳೇ ಉಳಿದಿರುವುದಿಲ್ಲ. ಅವರನ್ನು ಕಚ್ಚಿದ ಸೊಳ್ಳೆಗೆ ಬೇರೆಯವರಿಗೆ ಒಯ್ಯಲು ಏನೂ ಸಿಗುವುದಿಲ್ಲ. ರೋಗ ಹರಡುತ್ತಿರುವುದು ಕೈಕಾಲು ನೆಟ್ಟಗಿರುವವರಿಂದ, ಜ್ವರವಿಲ್ಲದೆ ನೋವಿಲ್ಲದೆ ದಿನವೂ ಕೆಲಸಕ್ಕೆ ಹೋಗಿ ಬರುವವರಿಂದ. ತಮ್ಮ ಮೈಯಲ್ಲಿ ಹುಳು ಸೇರಿದೆ ಎಂಬುದು ಅವರಿಗೇ ತಿಳಿದಿರುವುದಿಲ್ಲ.

ಕರ್ನಾಟಕಕ್ಕೆ ಇದು ಹೊರಗಿನ ಸುದ್ದಿಯಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ ಒಂದು ಕಡೆ, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಇನ್ನೊಂದು ಕಡೆ ಆನೆಕಾಲು ರೋಗದ ಜಿಲ್ಲೆಗಳೆಂದು ಗುರುತಾಗಿವೆ. ಬಿಸಿಲ ನಾಡೂ ಮಳೆಯ ಕರಾವಳಿಯೂ ಒಂದೇ ಪಟ್ಟಿಯಲ್ಲಿ ಬಂದದ್ದು ಹೇಗೆ ಎಂದು ಕೇಳಿದರೆ ಉತ್ತರ ಹವೆಯಲ್ಲಿ ಸಿಗುವುದಿಲ್ಲ, ಚರಂಡಿಯಲ್ಲಿ ಸಿಗುತ್ತದೆ. ಅದಕ್ಕೆ ಆಮೇಲೆ ಬರೋಣ.

ಭಾರತದಲ್ಲಿ ಈ ರೋಗಕ್ಕೆ ಬಹುಪಾಲು ಕಾರಣ ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ದುಂಡುಹುಳು. ಹೆಣ್ಣು ಎಂಟರಿಂದ ಹತ್ತು ಸೆಂಟಿಮೀಟರ್ ಉದ್ದ, ಹೊಲಿಗೆಯ ದಾರದಷ್ಟು ಸಪೂರ. ಗಂಡು ನಾಲ್ಕು ಸೆಂಟಿಮೀಟರ್ ಆಸುಪಾಸು. ಇವೆರಡೂ ಒಂದಕ್ಕೊಂದು ಸುತ್ತಿಕೊಂಡು ನಮ್ಮ ದುಗ್ಧನಾಳಗಳಲ್ಲಿ ಬೀಡುಬಿಡುತ್ತವೆ. ರಕ್ತನಾಳಗಳಿಂದ ಸೋರಿ ಅಂಗಾಂಶಗಳಲ್ಲಿ ಸೇರಿದ ದ್ರವವನ್ನು ಮತ್ತೆ ರಕ್ತಕ್ಕೆ ಮರಳಿಸುವ ನಾಳಗಳು ಇವು. ಸಾಮಾನ್ಯವಾಗಿ ತೊಡೆಸಂದಿ ಮತ್ತು ವೃಷಣಚೀಲದ ನಾಳಗಳಲ್ಲಿ ಹುಳುಗಳ ವಾಸ. ಆಯಸ್ಸು ಆರರಿಂದ ಎಂಟು ವರ್ಷ. ಅಷ್ಟೂ ಕಾಲ ಹೆಣ್ಣು ಲಕ್ಷಗಟ್ಟಲೆ ಮರಿಗಳನ್ನು ಹಾಕುತ್ತಲೇ ಇರುತ್ತದೆ. ಈ ಮರಿಗಳಿಗೆ ಮೈಕ್ರೋಫೈಲೇರಿಯಾ ಎಂದು ಹೆಸರು. ಉದ್ದ ಕಾಲು ಮಿಲಿಮೀಟರಿಗಿಂತ ಒಂದಿಷ್ಟು ಹೆಚ್ಚು, ಅಗಲ ಒಂದು ಕೆಂಪು ರಕ್ತಕಣದ ಆಸುಪಾಸು. ಹೀಗಾಗಿ ಅತಿ ಕಿರಿದಾದ ರಕ್ತನಾಳದಲ್ಲೂ ನುಸುಳಿ ಹೋಗಬಲ್ಲವು.

ಇನ್ನು ಈ ಹುಳುವಿನ ಬಗ್ಗೆ ನನಗೆ ಎಂದೂ ಬೆರಗು ತಗ್ಗದ ಸಂಗತಿ. ಹಗಲಿನಲ್ಲಿ ಬೆರಳು ಚುಚ್ಚಿ ರಕ್ತ ತೆಗೆದರೆ ಒಂದು ಮರಿಯೂ ಕಾಣದೇ ಹೋಗಬಹುದು. ಅದೇ ಮನುಷ್ಯನ ಅದೇ ಬೆರಳಿನಿಂದ ರಾತ್ರಿ ಹನ್ನೊಂದಕ್ಕೆ ತೆಗೆದ ಹನಿಯಲ್ಲಿ ಹತ್ತಾರು ಮರಿಗಳು ಹೊರಳಾಡುತ್ತಿರುತ್ತವೆ. ಇದನ್ನು ಕ್ರಮವಾಗಿ ಗಮನಿಸಿದವರು ಸ್ಕಾಟ್‌ಲೆಂಡಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್. ಚೀನಾದ ಅಮೋಯ್ ಬಂದರಿನಲ್ಲಿ ಅವರು ಸುಂಕ ಇಲಾಖೆಯ ವೈದ್ಯರಾಗಿದ್ದರು. ಮನುಷ್ಯರ ರಕ್ತದಲ್ಲಿ ಈ ಮರಿಗಳಿರುವುದನ್ನು 1872ರಲ್ಲೇ ಕಲ್ಕತ್ತಾದಲ್ಲಿ ಟಿಮೊಥಿ ಲೂಯಿಸ್ ಕಂಡಿದ್ದರು. 1876ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಜೋಸೆಫ್ ಬ್ಯಾಂಕ್ರಾಫ್ಟ್ ದೊಡ್ಡ ಹುಳುವನ್ನೇ ಹೊರತೆಗೆದಿದ್ದರು. ರಕ್ತದಲ್ಲಿರುವ ಮರಿ ಇನ್ನೊಬ್ಬರ ಮೈಗೆ ಹೋಗುವುದು ಹೇಗೆ ಎಂಬುದು ಉಳಿದಿದ್ದ ಪ್ರಶ್ನೆ. 1877ರಲ್ಲಿ ಮ್ಯಾನ್ಸನ್ ಸೋಂಕು ತಗುಲಿದ್ದ ತಮ್ಮ ತೋಟದ ಆಳನ್ನು ಸೊಳ್ಳೆಗಳಿಂದ ಕಚ್ಚಿಸಿ, ಆ ಸೊಳ್ಳೆಗಳನ್ನು ಹಿಡಿದಿಟ್ಟು, ಸೀಳಿ ನೋಡುತ್ತ ಹೋದರು. ಮರಿಗಳು ಸೊಳ್ಳೆಯ ಹೊಟ್ಟೆಯಲ್ಲಿ ಪೊರೆ ಕಳಚಿ, ಹೊಟ್ಟೆಯ ಗೋಡೆ ತೂರಿ, ಎದೆಯ ಸ್ನಾಯುಗಳಿಗೆ ಹೋಗಿ ಬೆಳೆಯುತ್ತಿದ್ದವು. ಮನುಷ್ಯನ ರೋಗವೊಂದರ ಪರೋಪಜೀವಿ ರಕ್ತ ಹೀರುವ ಕೀಟದೊಳಗೆ ಬೆಳೆಯುತ್ತದೆ ಎಂದು ಕಂಡದ್ದು ಅದೇ ಮೊದಲು. ಮಲೇರಿಯಾವನ್ನೂ ಸೊಳ್ಳೆಯಲ್ಲೇ ಹುಡುಕಿ ಎಂದು ರೊನಾಲ್ಡ್ ರಾಸ್ ಅವರನ್ನು ಹುರಿದುಂಬಿಸಿದವರೂ ಇದೇ ಮ್ಯಾನ್ಸನ್. ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಅದನ್ನು ಕಂಡರು.

ಆದರೆ ಸೊಳ್ಳೆಯಿಂದ ಮನುಷ್ಯನಿಗೆ ಬರುವ ದಾರಿಯನ್ನು ಮ್ಯಾನ್ಸನ್ ತಪ್ಪಾಗಿ ಊಹಿಸಿದ್ದರು. ಸೊಳ್ಳೆ ನೀರಿಗೆ ಬಿದ್ದು ಸಾಯುತ್ತದೆ, ಆ ನೀರು ಕುಡಿದವರಿಗೆ ಹುಳು ಸೇರುತ್ತದೆ ಎಂದುಕೊಂಡಿದ್ದರು. ಆ ತಪ್ಪು ತಿದ್ದಿಹೋಗಲು 1900 ಬರಬೇಕಾಯಿತು. ಆ ವರ್ಷ ಬ್ರಿಸ್ಬೇನಿನಿಂದ ಲಂಡನ್ನಿಗೆ ಬಂದ ಸೊಳ್ಳೆಗಳನ್ನು ತೆಳುವಾಗಿ ಕತ್ತರಿಸಿ ನೋಡಿದ ಜಾರ್ಜ್ ಕಾರ್ಮೈಕಲ್ ಲೋ ಅವರಿಗೆ ಬೆಳೆದ ಮರಿಗಳು ಸೊಳ್ಳೆಯ ಸೊಂಡಿಲಿನಲ್ಲೇ ಕಂಡವು.

ಮರಿಗಳು ಹಗಲಿನಲ್ಲಿ ಎಲ್ಲಿ ಅಡಗಿರುತ್ತವೆ? ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ. ರಾತ್ರಿ ಅಲ್ಲಿಂದ ಹೊರಟು ಚರ್ಮದ ಕೆಳಗಿನ ರಕ್ತಕ್ಕೆ ಬರುತ್ತವೆ. ನಮ್ಮ ಕಡೆಯ ವಾಹಕವಾದ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ರಾತ್ರಿಯೇ, ಅದರಲ್ಲೂ ನಡುರಾತ್ರಿಯ ಆಚೀಚೆ ಹೆಚ್ಚು. ಸೊಳ್ಳೆ ಬರುವ ಹೊತ್ತಿಗೆ ಮರಿಗಳೂ ಚರ್ಮದ ಬಳಿ ಕಾದಿರುತ್ತವೆ. ಲಂಡನ್ನಿನಲ್ಲಿ 1881ರಲ್ಲಿ ಸ್ಟೀಫನ್ ಮೆಕೆಂಜಿ ಎಂಬ ವೈದ್ಯರು ಒಬ್ಬ ರೋಗಿಯನ್ನು ಹಗಲು ಮಲಗಿಸಿ ರಾತ್ರಿ ಎಚ್ಚರವಿರಿಸಿದಾಗ ಮರಿಗಳು ತಮ್ಮ ವೇಳೆಯನ್ನೇ ತಿರುಗುಮುರುಗು ಮಾಡಿಕೊಂಡು ಹಗಲಿನಲ್ಲಿ ಕಾಣಿಸಿಕೊಂಡವು. ಅವು ಅನುಸರಿಸುವುದು ಹೊರಗಿನ ಕತ್ತಲನ್ನಲ್ಲ, ನಮ್ಮ ನಿದ್ದೆಯನ್ನು. ಹಗಲು ಕಚ್ಚುವ ಸೊಳ್ಳೆಗಳಿರುವ ಪೆಸಿಫಿಕ್ ದ್ವೀಪಗಳಲ್ಲಿ ಇದೇ ಹುಳುವಿನ ಮರಿಗಳು ಹಗಲಿನಲ್ಲೂ ರಕ್ತದಲ್ಲಿ ತಿರುಗುತ್ತವೆ.

ಈಗ ಚರಂಡಿಯ ಮಾತು. ಡೆಂಗಿಯ ಸೊಳ್ಳೆಗೆ ತಿಳಿನೀರು ಬೇಕು. ಕ್ಯೂಲೆಕ್ಸಿಗೆ ಕೊಳೆತ ನೀರೇ ಇಷ್ಟ. ನಿಂತ ಚರಂಡಿ, ಮುಚ್ಚಳ ಒಡೆದ ಶೌಚಗುಂಡಿ, ಬಚ್ಚಲ ನೀರು ಹೋಗಿ ಸೇರುವ ಹೊಂಡ ಇವೇ ಅದರ ತವರು. ಬಿಸಿಲ ಜಿಲ್ಲೆಯಲ್ಲೂ ಬಚ್ಚಲ ನೀರಿಗೆ ಬರವಿಲ್ಲವಲ್ಲ. ಸೊಳ್ಳೆಯ ಮೈಯಲ್ಲಿ ಮರಿ ಬೆಳೆದು ಸೋಂಕು ಹರಡುವ ಹಂತಕ್ಕೆ ಬರಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಇಲ್ಲೊಂದು ವಿಶೇಷವಿದೆ. ಮಲೇರಿಯಾದ ಜೀವಿ ಸೊಳ್ಳೆಯೊಳಗೆ ಸಾವಿರಗಟ್ಟಲೆ ಹೆಚ್ಚುತ್ತದೆ. ಆನೆಕಾಲಿನ ಹುಳು, ಅಂದರೆ ಫೈಲೇರಿಯಾ, ಒಂದೂ ಹೆಚ್ಚುವುದಿಲ್ಲ. ಹೋದದ್ದು ಒಂದು ಮರಿಯಾದರೆ ಬೆಳೆಯುವುದೂ ಒಂದೇ. ಸೊಳ್ಳೆ ಅದನ್ನು ಚುಚ್ಚಿ ಒಳಗೆ ಬಿಡುವುದೂ ಇಲ್ಲ. ಕಚ್ಚುವಾಗ ಸೊಂಡಿಲಿನಿಂದ ಚರ್ಮದ ಮೇಲೆ ಬಿದ್ದ ಮರಿ ತಾನೇ ತೆವಳಿ, ಸೊಳ್ಳೆ ಮಾಡಿದ ತೂತನ್ನು ಹುಡುಕಿ ಒಳಗಿಳಿಯಬೇಕು. ಒಳಗೆ ಹೋದ ಮೇಲೂ ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿ ಬೆಳೆದು ಕೂಡಿದರೆ ಮಾತ್ರ ಸಂತಾನ. ಹೀಗಾಗಿ ಒಂದೆರಡು ಕಡಿತಕ್ಕೆ ಈ ರೋಗ ಹತ್ತುವುದು ಅಪರೂಪ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಸೊಳ್ಳೆ ಕಚ್ಚಿಸಿಕೊಂಡೇ ಮಲಗುವವರಿಗೆ ಹತ್ತುತ್ತದೆ. ಆನೆಕಾಲು ಬಡವರ ಓಣಿಗಳನ್ನು ಬಿಡದಿರುವುದಕ್ಕೆ ಕಾರಣ ಇದೇ. ಪರದೆ ಕಟ್ಟಿದ ಕಿಟಕಿ, ಮುಚ್ಚಿದ ಚರಂಡಿ ಇರುವ ಬಡಾವಣೆಯಲ್ಲಿ ಈ ಹುಳು ಹೆಚ್ಚು ದಿನ ಬಾಳಲಾರದು.

ಸೋಂಕು ಸಾಮಾನ್ಯವಾಗಿ ಬಾಲ್ಯದಲ್ಲೇ ತಗಲುತ್ತದೆ, ಕಣ್ಣಿಗೆ ಕಾಣುವುದು ಎಷ್ಟೋ ವರ್ಷದ ಮೇಲೆ. ಹುಳುಗಳಿರುವ ದುಗ್ಧನಾಳ ಹಿಗ್ಗುತ್ತದೆ. ದ್ರವ ಹಿಂದಕ್ಕೆ ಹರಿಯದಂತೆ ತಡೆಯುವ ಒಳಗಿನ ಕವಾಟಗಳು ಸರಿಯಾಗಿ ಮುಚ್ಚುವುದಿಲ್ಲ. ದ್ರವ ಕಾಲಿನಲ್ಲೇ ನಿಂತುಬಿಡುತ್ತದೆ. ದ್ರವ ನಿಂತ ಕಾಲಿಗೆ ರೋಗಾಣುಗಳನ್ನು ಎದುರಿಸುವ ಶಕ್ತಿ ಕಡಿಮೆ. ಬೆರಳ ಸಂದಿಯ ಸಣ್ಣ ಬಿರುಕಿನಿಂದ ಬ್ಯಾಕ್ಟೀರಿಯ ಒಳಹೊಕ್ಕು ಚಳಿಜ್ವರ, ಉರಿ, ಕೆಂಪು ಬಾವು ತರುತ್ತವೆ. ಪ್ರತಿಸಲ ಹೀಗೆ ಆದಾಗಲೂ ಚರ್ಮ ಇನ್ನಷ್ಟು ದಪ್ಪವಾಗುತ್ತದೆ. ಕಾಲನ್ನು ಆ ಗತಿಗೆ ತರುವುದರಲ್ಲಿ ಹುಳುವಿನಷ್ಟೇ ಪಾಲು ಈ ಬ್ಯಾಕ್ಟೀರಿಯದ್ದೂ ಇದೆ. ಗಂಡಸರಲ್ಲಿ ಕಾಲಿಗಿಂತ ಹೆಚ್ಚಾಗಿ ಬಾಧಿಸುವುದು ವೃಷಣಚೀಲದಲ್ಲಿ ನೀರು ತುಂಬುವ ಹೈಡ್ರೋಸೀಲ್. ನಾಚಿಕೆಯಿಂದ ಅದನ್ನು ಹೆಂಡತಿಯ ಹೊರತು ಯಾರಿಗೂ ಹೇಳದೆ ವರ್ಷಗಟ್ಟಲೆ ಹೊತ್ತುಕೊಂಡು ಹೊಲದಲ್ಲಿ ದುಡಿಯುವವರು ಇದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯಿಂದ ಅದು ವಾಸಿಯಾಗುತ್ತದೆ ಎಂಬುದನ್ನು ಅವರಿಗೆ ಹೇಳುವವರು ಬೇಕು.

ಪತ್ತೆಯ ಕೆಲಸ ಶುರುವಾಗುವುದು ರಾತ್ರಿ ಊಟದ ಹೊತ್ತಿಗೆ. ಆರೋಗ್ಯ ಇಲಾಖೆಯ ತಂಡ ರಾತ್ರಿ ಎಂಟೂವರೆಯಿಂದ ಹನ್ನೆರಡರ ನಡುವೆ ಮನೆಮನೆಗೆ ಹೋಗುತ್ತದೆ. ಬೆರಳನ್ನು ಸ್ಪಿರಿಟ್ಟಿನಿಂದ ಒರೆಸಿ ಚುಚ್ಚಿ, ಗಾಜಿನ ಸ್ಲೈಡಿನ ಮೇಲೆ ರಕ್ತವನ್ನು ದಪ್ಪವಾಗಿ ಬಳಿಯುತ್ತಾರೆ. ಮಲಗಿದವರನ್ನು ಎಬ್ಬಿಸಬೇಕು, ಅಳುವ ಮಗುವನ್ನು ಸಮಾಧಾನಪಡಿಸಬೇಕು, ಕತ್ತಲಲ್ಲಿ ಬಂದವರು ಯಾರೋ ಎಂದು ಬಾಗಿಲು ತೆರೆಯದವರಿಗೆ ಹೊರಗೆ ನಿಂತೇ ವಿವರಿಸಬೇಕು. ಪರಿಚಯದ ಆಶಾ ಕಾರ್ಯಕರ್ತೆ ಜೊತೆಗಿಲ್ಲದಿದ್ದರೆ ಅರ್ಧ ಬಾಗಿಲೂ ತೆರೆಯುವುದಿಲ್ಲ. ಬಳಿದ ರಕ್ತವನ್ನು ರಾತ್ರಿಯಿಡೀ ಒಣಗಲು ಬಿಡಬೇಕು. ಆಗ ಅದನ್ನು ನೊಣ, ಇರುವೆ, ಜಿರಲೆಗಳಿಂದ ಕಾಯುವುದೂ ಒಂದು ಕೆಲಸವೇ. ಮುಚ್ಚಿಡದ ಸ್ಲೈಡನ್ನು ಅವು ಬೆಳಗಾಗುವುದರೊಳಗೆ ತಿಂದು ಮುಗಿಸುತ್ತವೆ.

ಮರುದಿನ ಪ್ರಯೋಗಾಲಯದಲ್ಲಿ ಸ್ಲೈಡನ್ನು ಬರಿಯ ನೀರಿನಲ್ಲಿ ಮುಳುಗಿಸುತ್ತಾರೆ. ಕೆಂಪು ರಕ್ತಕಣಗಳು ಒಡೆದು ಬಣ್ಣವೆಲ್ಲ ನೀರಿಗಿಳಿಯುತ್ತದೆ, ಗಾಜಿನ ಮೇಲೆ ಮಸುಕಾದ ಕಲೆ ಮಾತ್ರ ಉಳಿಯುತ್ತದೆ. ಮತ್ತೆ ಒಣಗಿಸಿ ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಡುತ್ತಾರೆ. ಮಲೇರಿಯಾ ಹುಡುಕುವಂತೆ ಇಲ್ಲಿ ಎಣ್ಣೆ ಹಾಕುವ ದೊಡ್ಡ ಮಸೂರ ಮೊದಲಿಗೇ ಬೇಕಿಲ್ಲ. ಸಣ್ಣ ಮಸೂರದಲ್ಲೇ ನೇರಳೆ ಬಣ್ಣದ ಬಾಗಿದ ಎಳೆ ಎದ್ದು ಕಾಣುತ್ತದೆ. ಅರಳೆಯ ಎಳೆ, ಬೂಷ್ಟಿನ ತಂತು ಕೂಡ ಹಾಗೇ ಕಾಣುವುದರಿಂದ ಹೊಸಬರು ಮೋಸಹೋಗುತ್ತಾರೆ. ಪಳಗಿದ ಟೆಕ್ನಿಷಿಯನ್ ದೊಡ್ಡ ಮಸೂರಕ್ಕೆ ಬದಲಾಯಿಸಿ ಬಾಲ ನೋಡುತ್ತಾರೆ. ಮರಿಯ ಮೈಯುದ್ದಕ್ಕೂ ಚುಕ್ಕೆಗಳಾಗಿ ಜೀವಕೋಶಗಳ ಬೀಜಕೇಂದ್ರಗಳು ಸಾಲಾಗಿರುತ್ತವೆ. ವುಚೆರೇರಿಯಾದಲ್ಲಿ ಆ ಸಾಲು ಬಾಲದ ತುದಿಯವರೆಗೆ ಹೋಗುವುದಿಲ್ಲ, ತುದಿ ಖಾಲಿ. ಕೇರಳದ ಕೆಲವು ಕಡೆ ಸಿಗುವ ಇನ್ನೊಂದು ಹುಳು ಬ್ರೂಜಿಯಾ ಮಲಾಯಿಯ ಬಾಲದ ತುದಿಯಲ್ಲಿ ಎರಡು ಚುಕ್ಕೆ ಬಿಡಿಬಿಡಿಯಾಗಿ ಕಾಣುತ್ತವೆ. ಯಾವ ಹುಳು ಎಂಬುದು ಆ ಎರಡು ಚುಕ್ಕೆಯಲ್ಲಿ ತೀರ್ಮಾನ. ಒಣಗಿಸದೆ ಹಸಿ ಹನಿಯನ್ನೇ ನೋಡಿದರೆ ಇನ್ನೊಂದು ನೋಟ: ಮರಿ ಕಾಣುವ ಮೊದಲೇ ಅದು ತಳ್ಳಿದ ರಕ್ತಕಣಗಳು ಚೆಲ್ಲಾಪಿಲ್ಲಿಯಾಗುವುದು ಕಾಣುತ್ತದೆ.

ಇಷ್ಟೆಲ್ಲ ತಿಳಿದಿದ್ದರೂ ಹಗಲು ಹನ್ನೊಂದಕ್ಕೆ ರಕ್ತ ಕೊಟ್ಟು, ಫೈಲೇರಿಯಾ ಇಲ್ಲ ಎಂಬ ವರದಿ ಹಿಡಿದು ನಿಶ್ಚಿಂತೆಯಿಂದ ಮನೆಗೆ ಹೋಗುವವರಿದ್ದಾರೆ. ಆ ವರದಿಗೆ ಏನೂ ಬೆಲೆಯಿಲ್ಲ. ಇದಕ್ಕೊಂದು ಪರಿಹಾರವಾಗಿ ಬಂದದ್ದು ಪಟ್ಟಿಯ ಪರೀಕ್ಷೆ. ದೊಡ್ಡ ಹುಳುಗಳು ರಕ್ತಕ್ಕೆ ಬಿಡುವ ಪ್ರೋಟೀನನ್ನು ಅದು ಹಿಡಿಯುತ್ತದೆ. ಈ ಪ್ರೋಟೀನು ಹಗಲಿರುಳೂ ರಕ್ತದಲ್ಲಿರುತ್ತದೆ, ಆದ್ದರಿಂದ ಯಾವ ಹೊತ್ತಿನಲ್ಲಾದರೂ ಪರೀಕ್ಷಿಸಬಹುದು. ಮೂರ್ನಾಲ್ಕು ಹನಿ ರಕ್ತ, ಹತ್ತು ನಿಮಿಷ. ಎರಡು ಗೆರೆ ಮೂಡಿದರೆ ಹುಳು ಇದೆ ಎಂದರ್ಥ. ಹತ್ತು ನಿಮಿಷ ಕಳೆದ ಮೇಲೆ ಓದಿದರೆ ಇಲ್ಲದ ಗೆರೆಯೂ ಕಾಣಬಹುದು, ಹಾಗಾಗಿ ಗಡಿಯಾರ ನೋಡಿಕೊಂಡೇ ಓದಬೇಕು. ಬ್ರೂಜಿಯಾಕ್ಕೆ ಈ ಪಟ್ಟಿ ನಡೆಯುವುದಿಲ್ಲ. ಒಂದು ಜಿಲ್ಲೆಯಲ್ಲಿ ಹರಡುವಿಕೆ ನಿಂತಿದೆಯೇ ಎಂದು ತಿಳಿಯಲು ಒಂದನೇ, ಎರಡನೇ ತರಗತಿಯ ಮಕ್ಕಳನ್ನು ಇದರಿಂದ ಪರೀಕ್ಷಿಸುತ್ತಾರೆ. ಆರೇಳು ವರ್ಷದ ಮಗುವಿನ ರಕ್ತದಲ್ಲಿ ಹುಳುವಿನ ಗುರುತು ಸಿಕ್ಕಿತೆಂದರೆ ಅದು ಹಳೆಯ ಸೋಂಕಾಗಿರಲು ಸಾಧ್ಯವಿಲ್ಲ. ಆ ಊರಿನ ಸೊಳ್ಳೆಗಳು ಈಚಿನವರೆಗೂ ಹುಳು ಹಂಚುತ್ತಿದ್ದವು ಎಂದಾಯಿತು.

ಊರಿನ ಎಲ್ಲರನ್ನೂ ಪರೀಕ್ಷಿಸಿ, ಸೋಂಕಿತರಿಗೆ ಮಾತ್ರ ಔಷಧ ಕೊಡುವುದು ಆಗದ ಮಾತು. ಅದಕ್ಕೇ ಸೋಂಕಿರುವ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಮಾತ್ರೆ ನುಂಗಿಸುತ್ತಾರೆ. 2004ರಿಂದ ಇದು ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಡಿಇಸಿ ಮತ್ತು ಅಲ್ಬೆಂಡಜೋಲ್ ಮಾತ್ರೆಗಳ ಜೊತೆಗೆ ಐವರ್‌ಮೆಕ್ಟಿನ್ ಸೇರಿಸಿ ಮೂರು ಔಷಧ ಕೊಡುವ ಕ್ರಮ ಮೊದಲು ಬಂದ ಜಿಲ್ಲೆಗಳಲ್ಲಿ ನಮ್ಮ ಯಾದಗಿರಿಯೂ ಒಂದು. ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು, ತೀವ್ರ ಕಾಯಿಲೆಯವರು ಮಾತ್ರೆ ತೆಗೆದುಕೊಳ್ಳಬಾರದು. ಈ ಔಷಧಗಳು ಮರಿಗಳನ್ನು ಬೇಗ ಕೊಲ್ಲುತ್ತವೆ, ದೊಡ್ಡ ಹುಳುಗಳನ್ನು ಪೂರ್ತಿ ಕೊಲ್ಲಲಾರವು. ಹುಳುವಿನ ಆಯಸ್ಸು ಮುಗಿಯುವವರೆಗೆ ವರ್ಷವರ್ಷವೂ ಮರಿಗಳನ್ನು ತೆಗೆಯುತ್ತಿದ್ದರೆ ಸೊಳ್ಳೆಗೆ ಏನೂ ಸಿಗುವುದಿಲ್ಲ, ಸರಣಿ ಕಡಿಯುತ್ತದೆ. ಶ್ರೀಲಂಕಾ ಈ ದಾರಿಯಲ್ಲೇ ನಡೆದು 2016ರಲ್ಲಿ ರೋಗ ನಿರ್ಮೂಲನೆಯ ಮಾನ್ಯತೆ ಪಡೆಯಿತು.

ನಮ್ಮಲ್ಲಿ ತೊಡಕಾಗಿರುವುದು ಮಾತ್ರೆಯ ಕೊರತೆಯಲ್ಲ. ಮನೆಗೆ ಬಂದ ಆಶಾ ಅಕ್ಕನಿಗೆ ‘ನನಗೇನಾಗಿದೆ, ನಾನ್ಯಾಕೆ ನುಂಗಬೇಕು? ಇಟ್ಟು ಹೋಗಮ್ಮ, ಊಟ ಆದ್ಮೇಲೆ ತಗೋತೀನಿ’ ಎನ್ನುತ್ತಾರೆ. ಮಾತ್ರೆ ಕಿಟಕಿಯ ಮೇಲೆ ಉಳಿಯುತ್ತದೆ. ನುಂಗಿದವರಲ್ಲಿ ಕೆಲವರಿಗೆ ಜ್ವರ, ತಲೆನೋವು, ವಾಂತಿ ಬಂದರೆ ಓಣಿಯೆಲ್ಲ ಹೆದರುತ್ತದೆ. ಆ ಜ್ವರ ಬಹುಪಾಲು ಬರುವುದು ರಕ್ತದಲ್ಲಿನ ಮರಿಗಳು ಒಟ್ಟಿಗೆ ಸತ್ತಾಗ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಅಂದರೆ ಆ ಮನುಷ್ಯ ಅಷ್ಟು ದಿನ ತಿಳಿಯದೆಯೇ ಸೋಂಕು ಹೊತ್ತಿದ್ದ, ಮಾತ್ರೆ ತೀರ ಬೇಕಾಗಿದ್ದದ್ದು ಅವನಿಗೇ.

ಕಾಲು ಈಗಾಗಲೇ ಊದಿದವರಿಗೆ ಈ ಮಾತ್ರೆಯಿಂದ ಕಾಲು ಮೊದಲಿನಂತಾಗುವುದಿಲ್ಲ. ಅವರಿಗೆ ಬೇಕಾದ ಚಿಕಿತ್ಸೆ ಬೇರೆ: ದಿನಕ್ಕೊಮ್ಮೆಯಾದರೂ ಸೋಪು ಮತ್ತು ಶುದ್ಧ ನೀರಿನಿಂದ ಕಾಲು ತೊಳೆದು, ಉಜ್ಜದೆ ಒತ್ತಿ ಒರೆಸಿ, ಬೆರಳ ಸಂದಿ ಮತ್ತು ಮಡಿಕೆಗಳನ್ನು ಒಣಗಿಸಿ, ಬಿರುಕಿಗೆ ಮುಲಾಮು ಹಚ್ಚುವುದು, ಕೂತಾಗ ಮಲಗಿದಾಗ ಕಾಲು ಎತ್ತರಿಸಿಕೊಳ್ಳುವುದು, ಚಳಿಜ್ವರದ ಬಾವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗುವುದು. ಇಷ್ಟು ಮಾಡಿದವರಿಗೆ ಬಾವು ಬರುವುದು ಕಡಿಮೆಯಾಗಿ, ಕಾಲಿನ ಊತವೂ ಎಷ್ಟೋ ಇಳಿಯುತ್ತದೆ. ಇದಕ್ಕೆ ಬೇಕಾದ ಟಬ್ಬು, ಮಗ್ಗು, ಟವೆಲು, ಸೋಪು, ಮುಲಾಮುಗಳ ಕಿಟ್ಟನ್ನು ಆರೋಗ್ಯ ಇಲಾಖೆಯೇ ಕೊಡುತ್ತದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಬೇಕು, ಕಾಲು ತೊಳೆಯುವ ಕ್ರಮವನ್ನು ಅಲ್ಲಿಯೇ ಒಮ್ಮೆ ಮಾಡಿ ತೋರಿಸಿಕೊಂಡು ಬರಬೇಕು.