ಮೀನುಕೊಳಗಳ ಕ್ರಿಮಿರೋಗವೂ ಫೇಜ್ ಚಿಕಿತ್ಸೆಯೂ

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಸೀಮೆಯಂತಹ ಪ್ರದೇಶಗಳಲ್ಲಿ ಕಬ್ಬು ಭತ್ತಗಳು ರೈತನ ಮುಖ್ಯ ಬೆಳೆಗಳಾಗಿದ್ದರೂ, ಕೆರೆಕಟ್ಟೆಗಳಲ್ಲಿಯೂ ಹೊಲದ ಮೂಲೆಯಲ್ಲಿ ತೋಡಿದ ಕೊಳಗಳಲ್ಲಿಯೂ ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಸಾಕುವುದರಿಂದ ದೊರೆಯತಕ್ಕ ಉಪಾದಾಯವು ಅಲ್ಪವಾದುದಲ್ಲ. ಪೈರಿಗೆ ರೋಗ ತಗಲಿದರೆ ಕಣ್ಣಿಗೆ ಕಾಣುವುದು. ನೀರಿನೊಳಗಣ ರೋಗವಾದರೋ ಸತ್ತ ಮೀನು ತೇಲಿದ ಮೇಲೆಯೇ ತಿಳಿಯುವುದು. ಆ ದಿನ ಒಡೆಯನು ಗಾಬರಿಗೊಂಡು, ಕೈಗೆ ಸಿಕ್ಕಿದ ಔಷಧವನ್ನು ನೀರಿಗೆ ಸುರಿಯುವುದುಂಟು. ಇದರಿಂದ ಹಣವೂ ಹೋಗಿ ಮೀನೂ ಉಳಿಯದೆ ಹೋಗುವ ಸಂಭವವೇ ಹೆಚ್ಚು.

ಮೊದಲು ರೋಗವನ್ನು ಗುರುತಿಸಬೇಕು. ಬೆಳಗಿನ ಜಾವದಲ್ಲಿ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದು, ಬಿಸಿಲೇರಿದ ಮೇಲೆ ಚೇತರಿಸಿಕೊಂಡರೆ, ಅದು ಬಹುಮಟ್ಟಿಗೆ ಆಮ್ಲಜನಕದ ಕೊರತೆಯೇ ಹೊರತು ಕ್ರಿಮಿರೋಗವಲ್ಲ. ಮೈಮೇಲೆ ಕೆಂಪು ಕಲೆ, ಹುಣ್ಣು, ಹೊಟ್ಟೆಯುಬ್ಬರ, ರೆಕ್ಕೆಯ ಅಂಚು ಕೊಳೆಯುವುದು—ಇವು ಕಂಡರೆ ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳನ್ನು ಶಂಕಿಸಬೇಕು. ಇವುಗಳಲ್ಲಿ ಏರೋಮೊನಾಸ್ ಹೈಡ್ರೊಫಿಲಾ ಎಂಬುದು ಮುಖ್ಯವಾದುದು. ಇದು ಸಿಹಿನೀರಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮರಿಗಳು ಕಿಕ್ಕಿರಿದು, ತಿನ್ನದುಳಿದ ಮೇವು ತಳದಲ್ಲಿ ಕೊಳೆತು, ಬಲೆಯೆಳೆತದಿಂದ ಮೈ ಗಾಯವಾಗಿ ಮೀನು ಬಲಗುಂದಿದಾಗ ಮಾತ್ರ ಇದರ ಕೈ ಮೇಲಾಗುವುದು.

ಇಂತಹ ರೋಗಕ್ಕೆ ಪ್ರತಿಜೀವಕ ಔಷಧಗಳನ್ನು ಮನಬಂದಂತೆ ಹಾಕುವುದು ಅಪಾಯಕರ. ಕೆಲವು ಕ್ರಿಮಿಗಳು ಔಷಧವನ್ನು ತಾಳಿಕೊಂಡು ಉಳಿದು, ಅವುಗಳ ಸಂತತಿಯೇ ಕೊಳವನ್ನು ತುಂಬುತ್ತದೆ. ಆ ಬಳಿಕ ಅದೇ ಔಷಧವು ಕೆಲಸಮಾಡದು. ಔಷಧದ ಅಂಶವು ಮೀನಿನ ಮಾಂಸದಲ್ಲಿ ನಿಂತು ತಿನ್ನುವವರಿಗೂ ಸೇರುತ್ತದೆ. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯೂರಾನ್ ಜಾತಿಯ ಔಷಧಗಳು ಮೀನುಸಾಕಣೆಯಲ್ಲಿ ನಿಷಿದ್ಧವಾಗಿವೆ.

ಈ ಕಾರಣದಿಂದ ವಿಜ್ಞಾನಿಗಳು ಬೇರೊಂದು ಉಪಾಯವನ್ನು ಶೋಧಿಸುತ್ತಿರುವರು. ಬ್ಯಾಕ್ಟೀರಿಯಾಗಳಿಗೂ ಶತ್ರುಗಳುಂಟು. ಇವನ್ನು ಬ್ಯಾಕ್ಟೀರಿಯೊಫೇಜ್, ಅಥವಾ ಸಂಕ್ಷೇಪವಾಗಿ ಫೇಜ್ ಎನ್ನುವರು. ಬ್ಯಾಕ್ಟೀರಿಯಾವನ್ನು ಉಣ್ಣುವುದು ಎಂದು ಇದರ ಅರ್ಥ. ಇವನ್ನು 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟರೂ, 1917ರಲ್ಲಿ ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ದ ಎರೆಲ್ಲರೂ ಪ್ರತ್ಯೇಕವಾಗಿ ವರ್ಣಿಸಿದರು. ಫೇಜು ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು, ತನ್ನ ಬೀಜದ್ರವ್ಯವನ್ನು ಅದರೊಳಕ್ಕೆ ಸೇರಿಸಿ, ಅಲ್ಲಿಯೇ ಹತ್ತಾರು ನೂರಾರಾಗಿ ಹೆಚ್ಚುತ್ತದೆ. ಕೊನೆಗೆ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಹೊರಬಿದ್ದ ಫೇಜುಗಳು ಮುಂದಿನದನ್ನು ಹಿಡಿಯುತ್ತವೆ. ಅವು ಮೀನಿನ ಜೀವಕೋಶಗಳಲ್ಲಾಗಲಿ ಮನುಷ್ಯನ ಜೀವಕೋಶಗಳಲ್ಲಾಗಲಿ ಬೆಳೆಯಲಾರವು.

ಇದು ದೂರದೇಶದ ಮಾತು ಮಾತ್ರವಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಅವರ ಸಂಗಡಿಗರು, ಸಿಗಡಿಯ ಮರಿಗಳನ್ನು ಕೊಲ್ಲುವ ವಿಬ್ರಿಯೊ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾಕ್ಕೆ ತಕ್ಕ ಫೇಜುಗಳನ್ನು ಬೇರ್ಪಡಿಸಿ, ಮರಿಕೇಂದ್ರದ ತೊಟ್ಟಿಗಳಲ್ಲಿ ಪ್ರಯೋಗಿಸಿದರು. ಫೇಜು ಹಾಕಿದ ತೊಟ್ಟಿಗಳಲ್ಲಿ ಹೆಚ್ಚು ಮರಿಗಳು ಬದುಕಿದುವೆಂದು 2006 ಮತ್ತು 2007ರಲ್ಲಿ ಪ್ರಕಟಪಡಿಸಿದರು. ಜಪಾನಿನಲ್ಲಿ 2000ದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಅಯು ಎಂಬ ಸಿಹಿನೀರು ಮೀನಿಗೆ ಮೇವಿನಲ್ಲಿ ಫೇಜನ್ನು ಬೆರೆಸಿ ಕೊಟ್ಟುದರಿಂದ ಸಾವು ಬಹಳ ಕಡಮೆಯಾಯಿತು.

ಆದರೆ ಇದನ್ನು ಸರ್ವರೋಗ ಪರಿಹಾರವೆಂದು ಭಾವಿಸಕೂಡದು. ಒಂದು ಬೀಗಕ್ಕೆ ಒಂದೇ ಕೀಲಿ ಎಂಬಂತೆ, ಒಂದು ಫೇಜು ಒಂದು ಬಗೆಯ ಬ್ಯಾಕ್ಟೀರಿಯಾವನ್ನಷ್ಟೇ, ಅನೇಕ ವೇಳೆ ಅದರ ಕೆಲವು ಒಳಜಾತಿಗಳನ್ನಷ್ಟೇ, ಕೊಲ್ಲಬಲ್ಲದು. ಬ್ಯಾಕ್ಟೀರಿಯಾಗಳು ಫೇಜನ್ನೂ ತಾಳಿಕೊಳ್ಳುವುದುಂಟಾದುದರಿಂದ ಹಲವು ಫೇಜುಗಳ ಮಿಶ್ರಣ ಬೇಕಾಗುವುದು. ತೀಕ್ಷ್ಣವಾದ ಬಿಸಿಲು ಅವನ್ನು ಕೆಡಿಸುವುದು. ಬೂಜು, ಹೇನು, ಆಮ್ಲಜನಕದ ಕೊರತೆ ಇವುಗಳ ಮೇಲೆ ಫೇಜು ಏನನ್ನೂ ಮಾಡದು. ಆದುದರಿಂದ ರೋಗದ ಕ್ರಿಮಿ ಯಾವುದೆಂದು ಪ್ರಯೋಗಶಾಲೆಯಲ್ಲಿ ನಿರ್ಧಾರವಾಗದೆ, ಫೇಜೆಂಬ ಹೆಸರಿನ ಯಾವ ಸೀಸೆಯನ್ನೂ ಕೊಳ್ಳತಕ್ಕದ್ದಲ್ಲ.

ಜಮೀನುದಾರರು ಈಗಲೇ ಮಾಡಬಹುದಾದುದು ಇಷ್ಟು. ಎಕರೆಗೆ ಸುಮಾರು 2,000 ಬೆರಳುದ್ದದ ಮರಿಗಳಿಗೆ ಮೀರದಂತೆ ಬಿಡಬೇಕು. ಸಾವು ಕಂಡೊಡನೆ ಮೇವನ್ನು ನಿಲ್ಲಿಸಿ, ಸಾಧ್ಯವಾದಷ್ಟು ಹೊಸ ನೀರನ್ನು ಹಾಯಿಸಬೇಕು. ಸತ್ತ ಮೀನುಗಳನ್ನು ದಿನವೂ ತೆಗೆದು ಸುಣ್ಣ ಹಾಕಿ ಹೂಳಬೇಕು. ರೋಗದ ಕೊಳದ ಬಲೆಯನ್ನು ಒಣಗಿಸದೆ ಮತ್ತೊಂದು ಕೊಳಕ್ಕೆ ಇಳಿಸಬಾರದು. ಆ ನೀರನ್ನು ನಾಲೆಗೆ ಬಿಡಬಾರದು. ಇನ್ನೂ ಜೀವವಿರುವ ರೋಗದ ಮೀನು ಎರಡು ಮೂರನ್ನು, ಸತ್ತವುಗಳ ಲೆಕ್ಕದೊಡನೆ, ಮೀನುಗಾರಿಕೆ ಇಲಾಖೆಯವರಿಗೆ ತಡಮಾಡದೆ ತೋರಿಸಬೇಕು. ಕೊಳೆತ ಮೀನಿನಿಂದ ರೋಗ ಗೊತ್ತಾಗುವುದಿಲ್ಲ.

ಒಂದು ಕೊಳದ ರೋಗವು ಬಲೆಯಿಂದಲೂ ನೀರಿನಿಂದಲೂ ಊರಿನ ಕೆರೆಯನ್ನೇ ಸೇರಬಲ್ಲದು. ಆಗ ನಷ್ಟವು ಒಬ್ಬನದಾಗಿ ಉಳಿಯದು. ಕೆರೆಯನ್ನು ಗುತ್ತಿಗೆಗೆ ಕೊಡುವ ಕಾಲದಲ್ಲಿ ಗ್ರಾಮದ ಮುಖಂಡರು ಈ ಕ್ರಮಗಳನ್ನು ಕರಾರಿನಲ್ಲಿಯೇ ಸೇರಿಸಿದರೆ ಊರಿಗೆಲ್ಲ ಉಪಕಾರವಾಗುವುದು. ಫೇಜ್ ಚಿಕಿತ್ಸೆಯು ನಾಳೆ ಹಳ್ಳಿಗೆ ಬಂದರೂ, ರೋಗವನ್ನು ಹೊತ್ತಿಗೆ ಸರಿಯಾಗಿ ಗುರುತಿಸಿ ತಿಳಿಸುವ ಊರಿಗೇ ಅದರ ಫಲ ದೊರೆಯುವುದು.