ಅಪ್ಪನ ರುಜು ಹುಡುಕಿದ ಕತೆ

ಮಾರ್ಕ್ಸ್ ಕಾರ್ಡಿಗೆ ಅಪ್ಪನ ರುಜುವನ್ನು ತಾನೇ ಗೀಚಿಕೊಂಡು ಹೋದ ಹುಡುಗ ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತಿದ್ದ. ಮೇಷ್ಟ್ರಿಗೆ ಅವನ ಅಪ್ಪನ ಪರಿಚಯವಿರುತ್ತಿತ್ತು. ಸಂತೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಎದುರಾದಾಗ ಮಾತಿಗೆ ಮಾತು ಬಂದು ಗುಟ್ಟು ರಟ್ಟಾಗುತ್ತಿತ್ತು. ಅಪ್ಪನ ಮುಖವನ್ನೇ ನೋಡಿರದ ಮೇಷ್ಟ್ರು ಏನು ಮಾಡಬೇಕು? ಇಂಟರ್‌ನೆಟ್ಟಿಗೆ ಬಂದ ಕಷ್ಟ ಇದೇ.

ಆ ಕಷ್ಟ ದೊಡ್ಡದಾಗಿ ಚರ್ಚೆಗೆ ಬಂದದ್ದು ಅಮೆರಿಕದಲ್ಲಿ. ಕಿಡ್ಸ್‌ಕಾಮ್ ಎಂಬ ಮಕ್ಕಳ ಜಾಲತಾಣ ಆಡಲು ಬಂದವರಿಂದ ಹೆಸರು, ಹುಟ್ಟುಹಬ್ಬ, ಇಮೇಲ್, ಮನೆಮಂದಿಯ ವಿವರವನ್ನೆಲ್ಲ ಬರೆಸಿಕೊಳ್ಳುತ್ತಿತ್ತು. ಉತ್ತರ ಕೊಟ್ಟ ಮಕ್ಕಳಿಗೆ ‘ಕಿಡ್ಸ್‌ಕ್ಯಾಶ್’ ಎಂಬ ಅಂಕಗಳು ಸಿಗುತ್ತಿದ್ದವು. 1996ರಲ್ಲಿ ಸೆಂಟರ್ ಫಾರ್ ಮೀಡಿಯಾ ಎಜುಕೇಶನ್ ಎಂಬ ಸಂಸ್ಥೆ ಇದರ ಮೇಲೆ ದೂರು ಕೊಟ್ಟಿತು. ಮಾರನೆಯ ವರ್ಷದ ಜುಲೈನಲ್ಲಿ ಫೆಡರಲ್ ಟ್ರೇಡ್ ಕಮಿಷನ್ನಿನ ಅಧಿಕಾರಿಗಳು ಉತ್ತರ ಬರೆದರು. ಶಿಕ್ಷೆ ವಿಧಿಸಲಿಲ್ಲ; ಆದರೆ ಮಗುವಿನ ಗುರುತಿನ ವಿವರವನ್ನು ಬೇರೆಯವರಿಗೆ ಕೊಡುವ ಮುನ್ನ ಹೆತ್ತವರಿಗೆ ತಿಳಿಸಿ, ಬೇಡವೆನ್ನಲು ಅವಕಾಶ ಕೊಡಬೇಕು ಎಂದರು.

1998ರಲ್ಲಿ ಕಮಿಷನ್ 212 ಮಕ್ಕಳ ತಾಣಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಶೇ. 89ರಷ್ಟು ತಾಣಗಳು ವೈಯಕ್ತಿಕ ವಿವರ ಕಲೆಹಾಕುತ್ತಿದ್ದವು. ‘ಅಪ್ಪ ಅಮ್ಮನನ್ನು ಕೇಳಿ ಬಾ’ ಎಂದು ಬಾಯಿಮಾತಿಗಾದರೂ ಹೇಳುತ್ತಿದ್ದವು ಶೇ. 23 ಮಾತ್ರ. ಅದೇ ವರ್ಷದ ಅಕ್ಟೋಬರ್ 21ರಂದು, ಮಕ್ಕಳ ಆನ್‌ಲೈನ್ ಖಾಸಗಿತನ ಕಾಯುವ ‘ಕೋಪಾ’ ಕಾಯಿದೆಗೆ ಸಹಿ ಬಿತ್ತು, 2000ದ ಏಪ್ರಿಲ್ 21ರಿಂದ ಅದರ ನಿಯಮಗಳು ಜಾರಿಗೆ ಬಂದವು. 13 ತುಂಬದ ಮಗುವಿನ ವಿವರ ಪಡೆಯಲು ಪೋಷಕರ ಒಪ್ಪಿಗೆ ಬೇಕು, ಆ ಒಪ್ಪಿಗೆ ಪರಿಶೀಲಿಸಬಹುದಾದದ್ದಾಗಿರಬೇಕು ಎಂದಿತು ಕಾಯಿದೆ. ಇಂದು ಊರೂರಿನ ಮಕ್ಕಳೂ ‘ನನಗೆ 13 ಆಗಿದೆ’ ಎಂದು ಒತ್ತುವ ಗುಂಡಿಯ ಮೂಲ ಇಲ್ಲಿದೆ.

ಪರಿಶೀಲಿಸುವುದು ಹೇಗೆ? ಫಾರಂ ಮುದ್ರಿಸಿ, ರುಜು ಹಾಕಿ, ಅಂಚೆಯಲ್ಲೋ ಫ್ಯಾಕ್ಸಿನಲ್ಲೋ ಕಳಿಸುವುದು ಒಂದು ದಾರಿ. ತರಬೇತಿ ಪಡೆದ ಸಿಬ್ಬಂದಿ ಎತ್ತುವ ಉಚಿತ ಫೋನಿಗೆ ಕರೆಮಾಡುವುದು ಇನ್ನೊಂದು. ಮೂರನೆಯದು ಕ್ರೆಡಿಟ್ ಕಾರ್ಡು. ಅದರಲ್ಲೊಂದು ಜಾಣತನವಿತ್ತು: ಕಾರ್ಡಿನ ಅಂಕಿಯನ್ನು ಬರೆದರೆ ಸಾಲದು, ಹಣ ಕಡಿತವಾಗಬೇಕು. ಮಗ ಕದ್ದು ಕಾರ್ಡು ಬಳಸಿದರೂ ತಿಂಗಳ ಕೊನೆಗೆ ಬಿಲ್ಲು ಅಪ್ಪನ ಕೈಗೆ ಬರುತ್ತದಲ್ಲ! ಸಂತೆಯಲ್ಲಿ ಮೇಷ್ಟ್ರು ಎದುರಾದಂತೆಯೇ ಇದು.

ಇವೆಲ್ಲ ದುಬಾರಿ ಎಂಬ ಗೊಣಗಾಟಕ್ಕೆ ಕಮಿಷನ್ ಒಂದು ಒಳದಾರಿ ತೆರೆಯಿತು. ವಿವರವನ್ನು ತಾಣದೊಳಗೇ ಇಟ್ಟುಕೊಳ್ಳುವುದಾದರೆ ಪೋಷಕರ ಇಮೇಲ್ ಸಾಕು, ಜೊತೆಗೆ ಖಚಿತಪಡಿಸಲು ಇನ್ನೊಂದು ಇಮೇಲೋ ಪತ್ರವೋ ಕರೆಯೋ ಇರಲಿ. ಒಳ್ಳೆಯ ತಂತ್ರಜ್ಞಾನ ಅಗ್ಗವಾಗಿ ಬರುವವರೆಗೆ ಎಂದು 2002ರ ಗಡುವು ಇಟ್ಟರು. ಬರಲಿಲ್ಲ, ಗಡುವು 2005ಕ್ಕೆ ಹೋಯಿತು. 2006ರಲ್ಲಿ ಗಡುವನ್ನೇ ತೆಗೆದುಹಾಕಿದರು. ನಾಲ್ಕು ದಿನಕ್ಕೆಂದು ಹಾಕಿದ ಚಪ್ಪರ ಮನೆಯೇ ಆಯಿತು.

ಹುಡುಕಾಟ ಮಾತ್ರ ನಿಲ್ಲಲಿಲ್ಲ. 2013ರ ಪರಿಷ್ಕೃತ ನಿಯಮಗಳಲ್ಲಿ ವಿಡಿಯೊ ಕರೆ, ಸರ್ಕಾರಿ ಗುರುತಿನ ಚೀಟಿ ಸೇರಿದವು. ಅದೇ ಡಿಸೆಂಬರಿನಲ್ಲಿ, ಮಕ್ಕಳಿಗೆ ಉತ್ತರ ಗೊತ್ತಿರಲಾರದ ಪ್ರಶ್ನೆಗಳನ್ನು ಕೇಳುವ ವಿಧಾನಕ್ಕೆ ಒಪ್ಪಿಗೆ ಸಿಕ್ಕಿತು. 2015ರಲ್ಲಿ ಚೀಟಿಯ ಫೋಟೊವನ್ನು ಎದುರಿಗಿರುವ ಮುಖದೊಂದಿಗೆ ಹೋಲಿಸುವ ವಿಧಾನ ಬಂತು. ಇಷ್ಟೆಲ್ಲ ದಾಟಿದ ಮೇಲೆ ಕಂಡ ಸತ್ಯ ಚಿಕ್ಕದು: ಈ ವಿಧಾನಗಳಿಂದ ಸಿದ್ಧವಾಗುವುದು ಎದುರಿಗಿರುವವರು ದೊಡ್ಡವರು ಎಂಬುದಷ್ಟೇ. ಅವರು ಈ ಮಗುವಿನ ಅಪ್ಪನೋ, ಅಣ್ಣನೋ, ಪಕ್ಕದ ಮನೆಯವರೋ ಎಂಬುದು ಹಾಗೇ ಉಳಿಯಿತು.

ಇನ್ನೊಂದು ಸತ್ಯವನ್ನು 2018ರ ಮೇ ತಿಂಗಳು ತೋರಿಸಿತು. ಯುರೋಪಿನ ಹೊಸ ದತ್ತಾಂಶ ಕಾನೂನು ಜಾರಿಗೆ ಬಂದ ದಿನಗಳಲ್ಲಿ ಟ್ವಿಟರ್ ಹಲವು ಖಾತೆಗಳಿಗೆ ಬೀಗ ಹಾಕಿತು. ಬಾಗಿಲಾಚೆ ಉಳಿದವರಲ್ಲಿ ವಯಸ್ಕರೂ ಇದ್ದರು! ಖಾತೆ ತೆರೆದ ದಿನ ಅವರಿಗೆ 13 ತುಂಬಿರಲಿಲ್ಲ ಎಂಬುದೇ ತಪ್ಪು. 13ಕ್ಕೆ ಮೊದಲು ಬರೆದದ್ದನ್ನೂ ಆಮೇಲೆ ಬರೆದದ್ದನ್ನೂ ಬೇರ್ಪಡಿಸಲು ಕಂಪನಿಯ ಬಳಿ ಉಪಾಯವಿರಲಿಲ್ಲ. ವಯಸ್ಸು ಮುಂದೆ ಹೋಗುತ್ತದೆ, ಖಾತೆ ಹುಟ್ಟಿದ ದಿನ ಅಲ್ಲೇ ನಿಂತಿರುತ್ತದೆ.

ಈಗ ಸರದಿ ನಮ್ಮದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದರ ಬೆನ್ನಿಗೆ ಬಂದ 2023ರ ದತ್ತಾಂಶ ರಕ್ಷಣೆ ಕಾಯಿದೆ 18 ತುಂಬದ ಎಲ್ಲರನ್ನೂ ಮಕ್ಕಳೆಂದು ಕರೆದು ಪೋಷಕರ ಒಪ್ಪಿಗೆ ಕೇಳುತ್ತದೆ. ತಪ್ಪಿದ ಸಂಸ್ಥೆಗೆ 200 ಕೋಟಿ ರೂಪಾಯಿವರೆಗೆ ದಂಡ. 2025ರ ನವೆಂಬರಿನಲ್ಲಿ ಬಂದ ನಿಯಮಗಳು ಡಿಜಿಲಾಕರಿನಂಥ ದಾರಿಗಳನ್ನು ಹೇಳುತ್ತವೆ. ಆದರೆ ಅವು ಕೇಳುವುದೂ ‘ಪೋಷಕ’ ಎನ್ನುವವರು ಗುರುತು ಹಿಡಿಯಬಹುದಾದ ವಯಸ್ಕರೇ ಎಂಬುದನ್ನು. ಅಮೆರಿಕ ಮುಟ್ಟಿದ ಗೋಡೆಯನ್ನೇ ನಾವೂ ಮುಟ್ಟಿದ್ದೇವೆ.

ಮನೆಯಲ್ಲಿ ಮಗಳ ಖಾತೆ ‘ಪೋಷಕರ ಒಪ್ಪಿಗೆ’ ಎಂಬಲ್ಲಿ ಸಿಕ್ಕಿಕೊಂಡರೆ ಈ ಕತೆಯೇ ದಾರಿ ತೋರುತ್ತದೆ. ಮೊದಲು ಅವಳ ಹುಟ್ಟಿದ ದಿನಾಂಕ ನೋಡಿ; ಆತುರದಲ್ಲಿ ಬರೆದ ಇಸವಿ ತಪ್ಪಿರಬಹುದು. ಆಮೇಲೆ ನಿಮ್ಮದೇ ಖಾತೆಯ ದಿನಾಂಕ ನೋಡಿ. ಎಷ್ಟೋ ಮನೆಗಳಲ್ಲಿ ಅಮ್ಮನ ಖಾತೆ ತೆರೆದುಕೊಟ್ಟದ್ದು ಮಕ್ಕಳೇ, ಬಾಯಿಗೆ ಬಂದ ಇಸವಿ ಹಾಕಿ. ಆ ಲೆಕ್ಕದಲ್ಲಿ ಅಮ್ಮನೇ ಅಪ್ರಾಪ್ತೆಯಾಗಿದ್ದರೆ ಅವಳ ಒಪ್ಪಿಗೆಯನ್ನು ಯಂತ್ರ ಹೇಗೆ ಒಪ್ಪೀತು? ದಿನಾಂಕ ತಿದ್ದಲು ಕಂಪನಿ ದಾಖಲೆ ಕೇಳಿದರೆ ಅದರ ಅಧಿಕೃತ ತಾಣದಲ್ಲೇ ಕೊಟ್ಟು ಸರಿಪಡಿಸಿಕೊಳ್ಳಿ. ಬೇಸತ್ತು ಸುಳ್ಳು ವಯಸ್ಸಿನ ಹೊಸ ಖಾತೆ ತೆರೆದರೆ ಅದೇ ಬೀಗ ಮುಂದೊಂದು ದಿನ ಬೀಳಬಹುದು.

ಇನ್ನು, ಮಗ ಓಡಿಬಂದು ‘ಓಟಿಪಿ ಎಷ್ಟು ಹೇಳಮ್ಮ’ ಎಂದಾಗ ಅಂಕಿ ಹೇಳುವ ಮುನ್ನ ಮೆಸೇಜಿನಲ್ಲಿ ಅದರ ಮೇಲಿರುವ ಸಾಲು ಓದಿ. ನೀವು ಹಾಕುತ್ತಿರುವುದು ರುಜು.