ಗಿಡ ಹಿಡಿದು ಬದುಕುವ ಎಲೆ ದುಂಬಿಗಳು

ಎಲೆ ದುಂಬಿಗಳು ಕ್ರೈಸೊಮೆಲಿಡೇ ಎಂಬ ದೊಡ್ಡ ಕುಟುಂಬಕ್ಕೆ ಸೇರಿದವು. ಜಗತ್ತಿನಲ್ಲಿ ಇವುಗಳ 35,000ಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಚ್ಚಿನವು ಬೆರಳಿನ ಉಗುರಿಗಿಂತ ಚಿಕ್ಕವು. ಆದರೂ ಹೊಂಬಣ್ಣ, ಕಡುನೀಲಿ, ಮಿರುಗುವ ಹಸಿರು, ಕಿತ್ತಳೆ ಎಂದು ಇವುಗಳಲ್ಲಿ ಬಣ್ಣಕ್ಕೆ ಬರವಿಲ್ಲ. ಬಹುತೇಕ ದುಂಬಿಗಳಿಗೆ ಒಗ್ಗುವ ಗಿಡಗಳು ಕೆಲವೇ. ಹಾಗಾಗಿ ದುಂಬಿಯನ್ನು ಹುಡುಕುವವರು ಮೊದಲು ಅದರ ಗಿಡವನ್ನು ಹುಡುಕುತ್ತಾರೆ.

ಕುಂಬಳ, ಸೌತೆ ಬಳ್ಳಿಗಳು ಎರಡೆಲೆ ಬಿಡುತ್ತಲೇ ಕಿತ್ತಳೆಗೆಂಪು ಕುಂಬಳದ ದುಂಬಿ ಬಂದು ಕಡಿಯುತ್ತದೆ. ಅದರ ಮರಿಹುಳು ಮಣ್ಣಿನೊಳಗೆ ಬೇರು ತಿನ್ನುತ್ತದೆ. ಗೆಣಸಿನ ಬಳ್ಳಿಯಲ್ಲಿ ಆಮೆ ದುಂಬಿ ಸಿಗುತ್ತದೆ. ಪಾರದರ್ಶಕ ಚಿಪ್ಪು ಇದರ ತಲೆ, ಕಾಲುಗಳನ್ನೆಲ್ಲ ಮುಚ್ಚುತ್ತದೆ. ಕೆಲವು ಆಮೆ ದುಂಬಿಗಳ ಚಿನ್ನದ ಹೊಳಪಿಗೆ ಚಿಪ್ಪಿನ ತೆಳುಪದರಗಳಲ್ಲಿರುವ ತೇವವೇ ಕಾರಣ. ಸತ್ತು ಒಣಗಿದರೆ ಆ ಹೊಳಪು ಆರಿಹೋಗುತ್ತದೆ. ಮರಿಹುಳು ತಾನು ಕಳಚಿದ ಪೊರೆಯನ್ನೂ ಹಿಕ್ಕೆಯನ್ನೂ ಬಾಲದ ಕವಲಿಗೆ ಸಿಕ್ಕಿಸಿಕೊಂಡು, ಇರುವೆಗಳು ಬಂದಾಗ ಬೆನ್ನ ಮೇಲೆ ಗುರಾಣಿಯಂತೆ ಹಿಡಿಯುತ್ತದೆ. ಅಲಸಂದೆ, ಹೆಸರುಕಾಳಿಗೆ ತೂತು ಕೊರೆಯುವ ಹುಳವೂ ಇದೇ ಕುಟುಂಬದ್ದು.

ಗಿಡದೊಂದಿಗಿನ ಈ ನಂಟನ್ನೇ ನಂಬಿ ಕರ್ನಾಟಕಕ್ಕೆ ಒಂದು ದುಂಬಿಯನ್ನು ತರಲಾಯಿತು. ಅಮೆರಿಕ ಖಂಡದ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ, 1950ರ ದಶಕದಲ್ಲಿ ಪುಣೆಯಲ್ಲಿ ಕಂಡು, ಮುಂದೆ ದೇಶವೆಲ್ಲ ಹಬ್ಬಿತು. ಅದು ಮೈ ತಾಗಿದರೆ ತುರಿಕೆ, ಪರಾಗ ಹೊಕ್ಕರೆ ಕೆಲವರಿಗೆ ಉಬ್ಬಸ. ಅದನ್ನು ತಿನ್ನುವ ಝೈಗೊಗ್ರಾಮಾ ಬೈಕಲರೇಟಾ ಎಂಬ ದುಂಬಿಯನ್ನು 1983ರಲ್ಲಿ ಮೆಕ್ಸಿಕೊದಿಂದ ಬೆಂಗಳೂರಿಗೆ ತಂದು, ಪರೀಕ್ಷಿಸಿ, 1984ರಲ್ಲಿ ಬಯಲಿಗೆ ಬಿಟ್ಟರು. ಕೆನೆಬಣ್ಣದ ರೆಕ್ಕೆಯ ಮೇಲೆ ಕಂದು ಪಟ್ಟೆಗಳುಳ್ಳ ಈ ದುಂಬಿ ಸುಮಾರು ಆರು ಮಿಲಿಮೀಟರ್ ಉದ್ದವಿರುತ್ತದೆ. ಮರಿಹುಳುಗಳು ಕುಡಿಯನ್ನೂ ಎಲೆಯನ್ನೂ ತಿಂದು, ಮಣ್ಣಿಗಿಳಿದು ಪೊರೆಹುಳುವಾಗುತ್ತವೆ.

ಕೆಲವು ಕಡೆ ಇದು ಸೂರ್ಯಕಾಂತಿ ಎಲೆಯನ್ನೂ ಕಡಿಯಿತೆಂದು ರೈತರು ಆತಂಕಪಟ್ಟರು. ಎಲೆಯ ಮೇಲೆ ಬಿದ್ದಿದ್ದ ಕಾಂಗ್ರೆಸ್ ಗಿಡದ ಪರಾಗವೇ ಅದನ್ನು ಸೆಳೆಯುತ್ತಿತ್ತೆಂದು ವಿಜ್ಞಾನಿಗಳು ತೋರಿಸಿಕೊಟ್ಟರು.

ಒಣಗಾಲದಲ್ಲಿ ಈ ದುಂಬಿ ಮಣ್ಣಿನೊಳಗೆ ನಿಶ್ಚಲವಾಗಿ ಉಳಿಯುತ್ತದೆ. ಮಳೆ ಬಿದ್ದು ಗಿಡ ಚಿಗುರಿದಾಗ ಹೊರಬರುತ್ತದೆ. ನಂಜನಗೂಡು ಸೀಮೆಯ ಬದನವಾಳಿನಂಥ ಊರುಗಳಲ್ಲಿ ಇದನ್ನು ಅರಸಲು ಮಳೆಗಾಲವೇ ಸರಿಯಾದ ಹೊತ್ತು. ದಾರಿಬದಿಯ ಕಾಂಗ್ರೆಸ್ ಗಿಡದ ಎಲೆಯೇ ಸರಿಯಾದ ಜಾಗ.